ಅತ್ತೆಯ ಬಣ್ಣ ಹುಡುಕಿದ ಮಾವ

ಇಡೀ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನಮ್ಮ ಮಾವನಷ್ಟು ಫ್ಯಾನ್ಸಿ ಸ್ಟೋರುಗಳಿಂದ ಹೊರಗೆ ಹಾಕಿಸಿಕೊಂಡ ಗಂಡಸು ಇನ್ನೊಬ್ಬನಿಲ್ಲ. ನೆಲಮಂಗಲದಲ್ಲಿ ಹಾಕಿಸಿಕೊಂಡಿದ್ದಾನೆ, ದೊಡ್ಡಬಳ್ಳಾಪುರದಲ್ಲಿ ಹಾಕಿಸಿಕೊಂಡಿದ್ದಾನೆ, ದಾಬಸ್‌ಪೇಟೆಯಲ್ಲಂತೂ ಅವನು ಮೆಟ್ಟಿಲು ಹತ್ತುವ ಮೊದಲೇ ಶಟರ್ ಅರ್ಧ ಇಳಿಯುತ್ತಿತ್ತು. ನೀವು ತಕ್ಷಣ ಏನು ಊಹಿಸಿದಿರೋ ನನಗೆ ಗೊತ್ತು. ಛೇ, ಅದಲ್ಲ! ನಮ್ಮ ಮಾವ ಪರಹೆಂಗಸರ ಕಡೆ ಕಣ್ಣೆತ್ತಿ ನೋಡುವವನಲ್ಲ. ಅವನ ಕಣ್ಣಿದ್ದದ್ದು ಕೌಂಟರಿನ ಹಿಂದಿನ ಹುಡುಗಿಯ ಮೇಲಲ್ಲ, ಅವಳ ಕೈಯಲ್ಲಿದ್ದ ಕನ್ಸೀಲರಿನ ಮೇಲೆ.

ಕನ್ಸೀಲರ್ ಅಂದರೆ ಗೊತ್ತಲ್ಲ? ಕಣ್ಣಿನ ಕೆಳಗಿನ ಕಪ್ಪು, ಮೊಡವೆಯ ಕಲೆ, ಬಂಗು, ಇಂಥವನ್ನೆಲ್ಲ ಮುಚ್ಚುವುದಕ್ಕೆ ಹಚ್ಚುವ ಚರ್ಮದ ಬಣ್ಣದ ಲೇಪ. ಬೆರಳುದ್ದದ ಟ್ಯೂಬಿನಲ್ಲೂ ಬರುತ್ತದೆ, ಲಿಪ್‌ಸ್ಟಿಕ್ಕಿನ ಹಾಗೆ ತಿರುಗಿಸುವ ಕಡ್ಡಿಯಲ್ಲೂ ಬರುತ್ತದೆ. ಚರ್ಮದ ಬಣ್ಣ ಅಂದರೆ ಯಾರ ಚರ್ಮದ ಬಣ್ಣ ಅಂತ ಮಾತ್ರ ಕೇಳಬೇಡಿ. ಆ ಒಂದು ಪ್ರಶ್ನೆ ಕೇಳಿದ್ದಕ್ಕೇ ನಮ್ಮ ಮಾವ ಅಷ್ಟೊಂದು ಅಂಗಡಿಗಳ ಮೆಟ್ಟಿಲು ಇಳಿಯಬೇಕಾಯಿತು.

ಮಾವ ಅಂದರೆ ನಮ್ಮಮ್ಮನ ತಮ್ಮ. ತ್ಯಾಮಗೊಂಡ್ಲು ಹೋಬಳಿಯ ಒಂದು ಹಳ್ಳಿಯಲ್ಲಿ ಟೊಮೆಟೊ ಬೆಳೆಯುತ್ತಾನೆ, ಸೀಮೆಹಸು ಸಾಕಿದ್ದಾನೆ, ಹುಬ್ಬಿಗಿಂತ ಸ್ವಲ್ಪ ದೊಡ್ಡದಾದ ಮೀಸೆ ಬಿಟ್ಟಿದ್ದಾನೆ. ಜಗಳ ಅವನಿಗೆ ಊಟದಷ್ಟೇ ಅಗತ್ಯ. ಡೈರಿಯಲ್ಲಿ ಹಾಲಿನ ಗಟ್ಟಿತನದ ಡಿಗ್ರಿ ಕಡಿಮೆ ಬಂದರೆ ಅಳೆಯುವವನನ್ನು ಬಿಟ್ಟು ಅಳೆಯುವ ಯಂತ್ರದ ಜೊತೆ ಜಗಳವಾಡುತ್ತಾನೆ. ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿ ಮಳೆ ಬರುತ್ತದೆ ಅಂದು, ಮಳೆ ಬಾರದಿದ್ದರೆ, ಮರುದಿನ ಅದೇ ಹೊತ್ತಿಗೆ ಟಿವಿಯ ಮುಂದೆ ಕೂತು ಅವಳನ್ನು ವಿಚಾರಿಸಿಕೊಳ್ಳುತ್ತಾನೆ. ಇಂಥ ಮನುಷ್ಯ ಮೇಕಪ್ಪಿನ ಲೋಕಕ್ಕೆ ಕಾಲಿಟ್ಟರೆ ಆ ಲೋಕದ ಗತಿ ಏನಾಗಬೇಡ!

ಆದರೆ ಅವನು ಅಲ್ಲಿಗೆ ಸುಮ್ಮನೆ ಕಾಲಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಅತ್ತೆಯ, ಅಂದರೆ ಮಾವನ ಹೆಂಡತಿಯ, ಎಡಗೆನ್ನೆಯ ಮೇಲೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಮೊದಮೊದಲು ಸುಣ್ಣ ತಗುಲಿದ ಹಾಗಿತ್ತು. ಆಮೇಲೆ ತುಟಿಯ ಅಂಚಿನಿಂದ ದವಡೆಯ ತನಕ ಹರಡಿಕೊಂಡು ಅಲ್ಲಿಗೆ ನಿಂತಿತು. ಚರ್ಮದ ಡಾಕ್ಟರು ನೋಡಿ, ಇದು ಅಂಟುವ ಕಾಯಿಲೆಯಲ್ಲ, ಜೀವಕ್ಕೆ ಏನೂ ತೊಂದರೆಯಿಲ್ಲ, ಆ ಜಾಗದ ಚರ್ಮಕ್ಕೆ ಬಣ್ಣ ಹುಟ್ಟುತ್ತಿಲ್ಲ ಅಷ್ಟೇ ಅಂದರು. ಔಷಧಿ ಕೊಟ್ಟರು, ಮಚ್ಚೆ ಅದಕ್ಕೆ ಬಗ್ಗಲಿಲ್ಲ. ಊರಿನವರು ಮಾತ್ರ ಡಾಕ್ಟರನ್ನು ಕೇಳದೆಯೇ ತೊನ್ನು ಅಂದರು. ಅತ್ತೆ ಸೆರಗನ್ನು ಎಡಕ್ಕೆ ಎಳೆದುಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಮದುವೆ ನಾಮಕರಣಗಳಿಗೆ ಹೋಗುವುದನ್ನು ಬಿಟ್ಟಳು. ಹೋಗಲೇಬೇಕಾಗಿ ಬಂದರೆ ಅಡುಗೆಯವರ ಪಕ್ಕದಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ನಮ್ಮ ಕಡೆಯ ಮದುವೆಗಳಲ್ಲಿ ಅಷ್ಟು ಬೀನ್ಸ್ ಹೆಚ್ಚಿದ ನೆಂಟರು ಬೇರೆ ಯಾರೂ ಇರಲಿಕ್ಕಿಲ್ಲ.

ಹೀಗಿರುವಾಗ ಅತ್ತೆಯ ಮಗಳ ಮದುವೆ ನಿಶ್ಚಯವಾಯಿತು. ಮಚ್ಚೆಯ ವಿಷಯವನ್ನು ಮಾವ ಬೀಗರಿಗೆ ಮೊದಲ ದಿನವೇ ಹೇಳಿದ್ದ. ಅವರದ್ದೇನೂ ತಕರಾರಿರಲಿಲ್ಲ. ತಕರಾರು ಬಂದದ್ದು ಕಲ್ಯಾಣ ಮಂಟಪದಿಂದ! ಈಗಿನ ಮಂಟಪಗಳಲ್ಲಿ ಧಾರೆಯ ಹೊತ್ತಿಗೆ ವೇದಿಕೆಯ ಎರಡೂ ಕಡೆ ಗೋಡೆಯಷ್ಟಗಲದ ಎಲ್ಇಡಿ ಪರದೆ ಇರುತ್ತದಲ್ಲ? ಧಾರೆ ಎರೆಯುವ ತಾಯಿಯ ಮುಖವನ್ನು ವಿಡಿಯೋದವನು ಹತ್ತಿರದಿಂದ ಹಿಡಿದು, ಹಿಂದಿನ ಸಾಲಿನಲ್ಲಿ ಹರಟುತ್ತಾ ಕೂತವರಿಗೂ ಆಳೆತ್ತರ ತೋರಿಸುತ್ತಾನೆ. ಯಾಕೆ ತೋರಿಸಬೇಕು? ಯಾರು ಕೇಳಿದ್ದರು? ಮಂಟಪ ನೋಡಲು ಹೋದ ದಿನ ಅಲ್ಲಿ ಬೇರೆ ಯಾರದೋ ಮದುವೆ ನಡೆಯುತ್ತಿತ್ತು. ಅತ್ತೆ ಆ ಪರದೆಯನ್ನು ನೋಡಿದಳು. ಮನೆಗೆ ಬಂದು, ಧಾರೆಗೆ ಭಾವನೂ ಅಕ್ಕನೂ ಕೂರಲಿ, ನಾನು ಒಳಗೆ ಇರುತ್ತೇನೆ ಅಂದಳು. ಭಾವ ಅಂದರೆ ಮಾವನ ಅಣ್ಣ. ತಂದೆ ತಾಯಿ ಕೂರಲಾಗದಿದ್ದರೆ ದೊಡ್ಡಪ್ಪ ದೊಡ್ಡಮ್ಮ ಕೂತು ಧಾರೆ ಎರೆಯುವುದು ನಮ್ಮಲ್ಲಿ ಇದ್ದದ್ದೇ.

ಆದರೆ ಅದು ತಂದೆ ತಾಯಿ ಇಲ್ಲದಾಗ! ಇಲ್ಲಿ ಹೆತ್ತ ತಾಯಿ ಗಟ್ಟಿಮುಟ್ಟಾಗಿದ್ದಾಳೆ, ಗೋಡೆಯ ಆಚೆ ಬೀನ್ಸ್ ಹೆಚ್ಚುತ್ತಿರುತ್ತಾಳೆ, ಈಚೆ ಮಗಳ ಕೈಗೆ ಬೇರೆಯವರು ಹಾಲು ಹುಯ್ಯುತ್ತಾರೆ. ಮಾವ ಅವತ್ತು ಉಣ್ಣಲಿಲ್ಲ. ಯಾರ ಮೇಲೆ ಕೂಗಾಡಬೇಕೆಂದು ಗೊತ್ತಾಗದೆ ಮಂಟಪದ ಮ್ಯಾನೇಜರಿಗೆ ಫೋನು ಮಾಡಿ, ನಿಮ್ಮ ಪರದೆ ಕಿತ್ತುಹಾಕಲು ಎಷ್ಟು ಹೊತ್ತು ಬೇಕು ಅಂತ ಕೇಳಿದ. ಅದು ಪ್ಯಾಕೇಜಿನಲ್ಲೇ ಸೇರಿದೆ ಸಾರ್, ತೆಗೆಯಲು ಬರುವುದಿಲ್ಲ ಅಂದನಂತೆ ಆ ಮಹಾನುಭಾವ.

ಇದರಲ್ಲಿ ನಾನು ಸಿಕ್ಕಿಹಾಕಿಕೊಂಡದ್ದು ಹೇಗೆ ಅನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ದಾಬಸ್‌ಪೇಟೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಒಂದು ಮಧ್ಯಾಹ್ನ ಗೇಟಿನ ಸೆಕ್ಯುರಿಟಿಯವರು ಫೋನು ಮಾಡಿ, ನಿಮ್ಮ ಮಾವ ಬಂದಿದ್ದಾರೆ, ತುಂಬಾ ಅರ್ಜೆಂಟಂತೆ ಅಂದರು. ಯಾರಿಗೆ ಏನಾಯಿತೋ ಅಂತ ಎದ್ದುಬಿದ್ದು ಓಡಿದೆ. ಶಿಫ್ಟು ಬಿಡುವ ಹೊತ್ತು. ಗೇಟಿನ ತುಂಬ ಜನ. ಅವರ ನಡುವೆ ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತಿದ್ದ ಮಾವ ನನ್ನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದ.

"ನಿನ್ ಕಣ್ ಕೆಳಗೆ ಕಪ್ಪಗಿತ್ತಲ್ಲ, ನಿಶ್ಚಿತಾರ್ಥದ ದಿನ ಇರ್ಲೇ ಇಲ್ಲ. ಏನ್ ಬಳ್ಕಂಡಿದ್ದೆ?"

ಭೂಮಿ ಬಾಯಿ ಬಿಡಬಾರದೇ! ಸೆಕ್ಯುರಿಟಿಯವರು ಕೂಡ ಬಗ್ಗಿ ನನ್ನ ಕಣ್ಣಿನ ಕೆಳಗೆ ನೋಡಿದರು. ಮಾರನೆಯ ದಿನದಿಂದ ಕ್ಯಾಂಟೀನಿನಲ್ಲಿ ಯಾರೂ ನನ್ನ ಕಣ್ಣು ನೋಡಿ ಮಾತಾಡಲಿಲ್ಲ. ಎಲ್ಲರೂ ಅದಕ್ಕಿಂತ ಅರ್ಧ ಬೆರಳು ಕೆಳಗೆ ನೋಡಿ ಮಾತಾಡಿದರು.

ಅವನ ಲೆಕ್ಕ ಸರಳವಾಗಿತ್ತು. ಕಪ್ಪನ್ನು ಮುಚ್ಚುವ ವಸ್ತು ಇದೆ ಅಂದಮೇಲೆ ಬಿಳಿಯನ್ನು ಮುಚ್ಚುವುದೂ ಇರಲೇಬೇಕು. ಅದನ್ನು ಹುಡುಕಿಕೊಡುವ ಜವಾಬ್ದಾರಿ ನನ್ನದು, ಯಾಕೆಂದರೆ ನಾನು ಬಳಿದುಕೊಳ್ಳುವವಳು! ಒಂದು ಷರತ್ತನ್ನೂ ಹಾಕಿದ. ಬೆಲೆ ಕಡಿಮೆ ಇರಬೇಕು. ಮಗಳ ಮದುವೆಗೆ ಎಲ್ಲರೂ ಕೈ ಬಿಚ್ಚುವಾಗ ನೀನ್ಯಾಕೆ ಹೀಗೆ ಅಂತ ನಾನು ರೇಗಿದೆ.

"ಒಂದಿನದ ಮಾತಲ್ಲ ಕಣಮ್ಮ. ಅವಳು ಸಂತೆಗೋಗೋಕೂ ಹಚ್ಕಳ್ಳೋ ಹಂಗಿರ್ಬೇಕು. ಹಚ್ಕಳ್ಳೋವಾಗ ದುಡ್ಡು ನೆನೆಸ್ಕಂಡು ಕೈ ನಡುಗ್ಬಾರ್ದು" ಅಂದ ಮಾವ.

ನಾನು ಅವನ ಬೈಕು ಹತ್ತಿದೆ.

ಮೊದಲ ದಂಡಯಾತ್ರೆ ನೆಲಮಂಗಲಕ್ಕೆ. ಅಂಗಡಿಯ ಹುಡುಗಿ ನಗುನಗುತ್ತಾ ಒಂದು ಟ್ಯೂಬು ತೆಗೆದು, ಇದು ಹಚ್ಚಿದರೆ ಆಂಟಿ ಎರಡು ಪಟ್ಟು ಬೆಳ್ಳಗೆ ಕಾಣುತ್ತಾರೆ ಅಂದಳು. ಮಾವನ ಮೀಸೆ ಅಲುಗಿತು.

"ಬೆಳ್ಳಗಾಗಿರೋದಕ್ಕೇ ಬಂದಿರೋದು ಕಣಮ್ಮ. ಕಪ್ಪಗೆ ಮಾಡೋದಿದ್ರೆ ಕೊಡು."

ಪಾಪ, ಆ ಹುಡುಗಿ ಅಂಥ ಗಿರಾಕಿಯನ್ನು ಎಲ್ಲಿ ನೋಡಬೇಕು! ಅವಳ ಹಿಂದಿನ ಕಪಾಟಿನ ತುಂಬ ಇದ್ದದ್ದು ಬೆಳ್ಳಗೆ ಮಾಡುವ ಕ್ರೀಮು, ಬೆಳ್ಳಗೆ ಮಾಡುವ ಸೋಪು, ಬೆಳ್ಳಗೆ ಮಾಡುವ ಪೌಡರು. ಅವಳು ಮಾಲೀಕನನ್ನು ಕರೆದಳು. ಮಾಲೀಕ ಇದ್ದ ಮೂರು ಬಣ್ಣಗಳನ್ನೂ ಸಾಲಾಗಿ ಇಟ್ಟ. ಒಂದು ದಂತದ ಬಣ್ಣವಂತೆ, ಒಂದು ಪಿಂಗಾಣಿಯ ಬಣ್ಣವಂತೆ, ಇನ್ನೊಂದು ಮರಳಿನ ಬಣ್ಣವಂತೆ. ಆ ಮರಳಾದರೂ ನಮ್ಮ ಹೊಳೆಯದಲ್ಲ, ಯಾವ ದೇಶದ ಸಮುದ್ರದ್ದೋ! ಮಾವ ಮೂರನ್ನೂ ಕೈಗೆತ್ತಿಕೊಂಡು, ನಮ್ಮ ತಾಲ್ಲೂಕಿನಲ್ಲಿ ಈ ಬಣ್ಣದವರು ಯಾರಿದ್ದಾರೆ ತೋರಿಸಿ ಅಂತ ಶುರುಮಾಡಿದ. ತೋರಿಸುವವರೆಗೆ ಅವನು ಕಾಯಲೂ ಇಲ್ಲ. ಬಳೆ ಕೊಳ್ಳಲು ಬಂದಿದ್ದ ಒಬ್ಬ ಅಜ್ಜಿಯ ಕೆನ್ನೆಯ ಪಕ್ಕಕ್ಕೆ ಟ್ಯೂಬು ಹಿಡಿದ, ಅವಳ ಸೊಸೆಯ ಪಕ್ಕಕ್ಕೆ ಹಿಡಿದ, ಕೊನೆಗೆ ಮಾಲೀಕನ ಮೂಗಿನ ಪಕ್ಕಕ್ಕೇ ಹಿಡಿದು, ನೀನೇ ಈ ಬಣ್ಣ ಇಲ್ಲವಲ್ಲಯ್ಯಾ, ಯಾರಿಗೆ ಮಾರುತ್ತೀಯ ಅಂದ. ನಾವು ಹೊರಗೆ ಬಿದ್ದಿದ್ದು ಆವಾಗಲೇ.

ಬೈಕಿನ ಹಿಂದೆ ಕೂತು ಅವನನ್ನು ಬಾಯಿಗೆ ಬಂದಂತೆ ಬೈದೆ. ಆದರೆ ಸೋಂಪುರ ಬರುವ ಹೊತ್ತಿಗೆ ನನಗೆ ಬೇರೆಯದೇ ಸಿಟ್ಟು ಹತ್ತಿಕೊಂಡಿತ್ತು. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ರಾಗಿ ಬಣ್ಣದ ಜನ, ಹುರಿಗಡಲೆ ಬಣ್ಣದ ಜನ, ಹುಣಸೆಹಣ್ಣಿನ ಬಣ್ಣದ ಜನ ತುಂಬಿರುವ ಊರಿಗೆ ಪಿಂಗಾಣಿಯನ್ನು ಕಳಿಸುವವರಿಗೆ ಏನಾದರೂ ಬುದ್ಧಿ ಬೇಡವೇ? ನಾನು ಇಷ್ಟು ದಿನ ಕಣ್ಣಿನ ಕೆಳಗೆ ಹಚ್ಚಿಕೊಂಡದ್ದೂ ನನ್ನ ಬಣ್ಣವಾಗಿರಲಿಲ್ಲ. ಇದ್ದದ್ದರಲ್ಲಿ ಸ್ವಲ್ಪ ಕಡಿಮೆ ಬಿಳಿಯದು ಅಷ್ಟೇ.

ಎರಡನೆಯ ಯಾತ್ರೆ ದೊಡ್ಡಬಳ್ಳಾಪುರಕ್ಕೆ. ಈ ಸಲ ಅತ್ತೆಯನ್ನೂ ಹೊರಡಿಸಿದ್ದ. ಸೀರೆ ತೆಗೆಯಲು ಅಂತ ಸುಳ್ಳು ಹೇಳಿ ಆಟೋದಲ್ಲಿ ಕೂರಿಸಿಕೊಂಡು ಬಂದದ್ದು. ಫ್ಯಾನ್ಸಿ ಸ್ಟೋರಿನ ಮುಂದೆ ಆಟೋ ನಿಂತಾಗ ಅತ್ತೆಗೆ ವಿಷಯ ಗೊತ್ತಾಯಿತು. ಕೆಳಗೆ ಇಳಿಯುವುದಿಲ್ಲ ಅಂದಳು. ಒಳಗಿದ್ದ ಹುಡುಗಿ, ಮುಖವೇ ಬೇಕೆಂದಿಲ್ಲ, ಮುಂಗೈ ಮೇಲೆ ಹಚ್ಚಿ ನೋಡಿದರೂ ಸಾಕು ಅಂದಳು. ಸರಿ, ಅತ್ತೆ ಆಟೋದಿಂದ ಮುಂಗೈಯನ್ನು ಮಾತ್ರ ಹೊರಗೆ ಚಾಚಿದಳು. ಮಾವ ಅಂಗಡಿಯಿಂದ ಆಟೋಗೆ, ಆಟೋದಿಂದ ಅಂಗಡಿಗೆ, ತೋರಿಸಲು ಇಟ್ಟ ಕಡ್ಡಿಗಳನ್ನು ಹಿಡಿದು ಓಡಾಡತೊಡಗಿದ. ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣವನ್ನು ಅವನು ನಂಬುವುದಿಲ್ಲ. ಮಗ್ಗದ ಊರು ಅದು. ಅಲ್ಲಿ ಸೀರೆ ಕೊಳ್ಳುವವರು ಸೀರೆಯನ್ನು ಬೀದಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಕನ್ಸೀಲರನ್ನು ಬೀದಿಗೆ ಒಯ್ದವನು ಅವನೇ ಮೊದಲಿರಬೇಕು. ಮಾಲೀಕ ಕಳ್ಳ ಕಳ್ಳ ಅಂತ ಹಿಂದೆಯೇ ಓಡಿಬಂದ. ಬಂದು ನೋಡಿದರೆ, ಕಳ್ಳ ಆಟೋದ ಪಕ್ಕ ಮೊಣಕಾಲೂರಿ, ಒಂದು ಕೈಗೆ ಮಣಿಕಟ್ಟಿನಿಂದ ಮೊಣಕೈತನಕ ಪಟ್ಟೆ ಪಟ್ಟೆ ಬಳಿಯುತ್ತಿದ್ದಾನೆ! ಆ ಕೈ ಯಾರದೆಂದು ಮಾಲೀಕ ಕೇಳಲಿಲ್ಲ. ದುಡ್ಡು ತೆಗೆದುಕೊಂಡು, ದಯವಿಟ್ಟು ಇನ್ನೊಮ್ಮೆ ಬರಬೇಡಿ ಅಂದ.

ಮುಂಗೈಗೆ ಆ ಬಣ್ಣ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಎಲ್ಲಿ ಹಚ್ಚಿದ್ದೆವೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ಕೆನ್ನೆಗೆ ಹಚ್ಚಿದೆವು. ಅಯ್ಯೋ! ಬಿಳಿಯ ಜಾಗದಲ್ಲಿ ಸಗಣಿ ಮೆತ್ತಿದ ಹಾಗೆ ಒಂದು ಕಂದು ತೇಪೆ. ಆಗ ನಮ್ಮ ತಲೆಗೆ ಹೊಳೆಯಿತು. ವರ್ಷವೆಲ್ಲ ಟೊಮೆಟೊ ಬಿಡಿಸುವ ಕೈ ಬಿಸಿಲಲ್ಲಿ ಸುಟ್ಟಿದೆ, ಸೆರಗಿನ ಮರೆಯಲ್ಲಿ ಇದ್ದ ಮುಖ ಸುಟ್ಟಿಲ್ಲ. ಮುಂಗೈ ಮೇಲೆ ಹಚ್ಚಿ ನೋಡಿ ಅನ್ನುವವರು ಹೊಲಕ್ಕೆ ಹೋಗದವರು. ಅದನ್ನು ಹೊಲಕ್ಕೆ ಹೋಗುವ ನಾವು ಯೋಚಿಸಬೇಡವೇ?

ಅತ್ತೆ ಕನ್ನಡಿಯನ್ನು ಒಂದು ಗಳಿಗೆ ನೋಡಿದಳು. ಮುಖ ತೊಳೆದುಕೊಂಡು ಹಸುಗಳಿಗೆ ಹುಲ್ಲು ಹಾಕಲು ಹೋದಳು. ಮರುದಿನ ಮಾವನ ಅಣ್ಣನ ಮನೆಗೆ ತಾನೇ ಫೋನು ಮಾಡಿ, ಧಾರೆಗೆ ನೀವೇ ಕೂರಬೇಕು ಅಂತ ಖಚಿತವಾಗಿ ಹೇಳಿಬಿಟ್ಟಳು. ಆ ಅಣ್ಣನ ಹೆಂಡತಿ, ನಮ್ಮ ದೊಡ್ಡತ್ತೆಯ ಉತ್ಸಾಹ ಕೇಳಬೇಕೇ? ವಾರ ಕಳೆಯುವುದರೊಳಗೆ ಧಾರೆಗೆಂದು ರೇಷ್ಮೆ ಸೀರೆ ತೆಗೆದಿದ್ದಳು, ರವಿಕೆಗೆ ಹಿಂದೆ ದಾರ ಕಟ್ಟುವುದೋ ಬೇಡವೋ ಅಂತ ನನಗೆ ಫೋನು ಮಾಡಿ ಕೇಳುತ್ತಿದ್ದಳು. ನನಗೆ ಬಂದ ಕೋಪಕ್ಕೆ ಎರಡು ದಾರ ಕಟ್ಟಿಸಿಕೊಳ್ಳಿ ಅಂದೆ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈ ಬಿಡುತ್ತಿದ್ದರು. ಮಾವ ಬಿಡಲಿಲ್ಲ. ಕೈಯ ಬಣ್ಣಕ್ಕಿಂತ ಒಂದು ಮಟ್ಟ ತಿಳಿಯಾದವು ಅನ್ನಿಸಿದ್ದನ್ನೆಲ್ಲ ಕಂಡಕಂಡಲ್ಲಿ ಕೊಂಡ. ಆನ್‌ಲೈನಿನಲ್ಲಿ ನನ್ನಿಂದ ತರಿಸಿದ. ಅತ್ತೆ ತನ್ನ ಮುಖದ ಹತ್ತಿರ ಬರಗೊಡುತ್ತಿರಲಿಲ್ಲವಾದ್ದರಿಂದ, ಬಣ್ಣ ಆಮೇಲೆ ನೋಡಿಕೊಳ್ಳೋಣ, ಮೊದಲು ಯಾವುದು ಬೆವರಿಗೆ ನಿಲ್ಲುತ್ತದೆ ನೋಡೋಣ ಅಂತ ತನ್ನ ಕೆನ್ನೆಗೇ ಹಚ್ಚಿಕೊಳ್ಳತೊಡಗಿದ! ಹಚ್ಚಿಕೊಂಡು ಮುದ್ದೆ ಬೇಯುವ ಪಾತ್ರೆಯ ಹಬೆಗೆ ಮುಖ ಒಡ್ಡಿದ. ಹಚ್ಚಿಕೊಂಡು ಬೆನ್ನಿಗೆ ಪಂಪು ಕಟ್ಟಿ ಟೊಮೆಟೊಗೆ ಔಷಧಿ ಹೊಡೆದ. ನಾನು ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದರೆ ಫೋನು. ಕಡ್ಡಿಯದು ಉಳಿದುಕೊಂಡಿದೆಯಂತೆ, ಟ್ಯೂಬಿನದು ಕುತ್ತಿಗೆಗೆ ಇಳಿಯಿತಂತೆ, ಇನ್ನೊಂದನ್ನು ಹಸು ನೆಕ್ಕಿತಂತೆ. ಹಸು ನೆಕ್ಕಿದ್ದನ್ನು ಯಾವ ಪಟ್ಟಿಗೆ ಸೇರಿಸಬೇಕು, ಹೇಳಿ?

ಇದರಿಂದ ಏನಾಗಬಹುದು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಾವನ ಮೈಬಣ್ಣ ಅತ್ತೆಗಿಂತ ಬಹಳ ಕಪ್ಪು. ಅತ್ತೆಗೆ ಹೊಂದಬಹುದಾದ ಬಣ್ಣ ಅವನ ಕೆನ್ನೆಯ ಮೇಲೆ ತಿಳಿಯಾಗಿ, ಥೇಟ್ ಮಚ್ಚೆಯ ಹಾಗೆ ಕಾಣುತ್ತಿತ್ತು. ಒಂದು ಭಾನುವಾರ ನಾನು ಮದುವೆಯ ಕೆಲಸಕ್ಕೆಂದು ಹೋಗಿದ್ದೆ. ಸಂಜೆ ಮಾವನ ಜೊತೆ ಡೈರಿಗೆ ಹೋದರೆ ಕ್ಯೂನಲ್ಲಿದ್ದವರು ಯಾಕೋ ಮಾತು ನಿಲ್ಲಿಸಿದರು. ನಮ್ಮ ಹಿಂದಿದ್ದವನು ತನ್ನ ಕ್ಯಾನನ್ನು ಕಾಲಿನಿಂದ ಹಿಂದಕ್ಕೆ ಸರಿಸಿಕೊಂಡ. ಮುಂದಿದ್ದವನು, ನಿನಗೂ ಅಂಟಿಕೊಂಡಿತಾ ಅಂತ ಮೆಲ್ಲಗೆ ಕೇಳಿದ. ಅತ್ತೆ ಕರೆದ ಹಾಲನ್ನು ಬೇರೆ ಇಡಿಸುವುದು ಒಳ್ಳೆಯದು ಅಂತ ಹಿಂದಿನಿಂದ ಇನ್ನೊಂದು ದನಿ ಬಂತು.

ಈಗ ಹಾಲಿನ ಕ್ಯಾನು ಹಾರುತ್ತದೆ ಅಂತ ನಾನು ಹಿಂದೆ ಸರಿದೆ. ಮಾವ ಕ್ಯಾನನ್ನು ಮೆತ್ತಗೆ ಕೆಳಗಿಟ್ಟ. ನಲ್ಲಿಯ ಹತ್ತಿರ ಹೋಗಿ, ಟವಲು ಒದ್ದೆ ಮಾಡಿ, ಅಲ್ಲಿದ್ದ ಸೋಪಿನಿಂದ ಕೆನ್ನೆಯನ್ನು ಉಜ್ಜಿ ತೊಳೆದ. ವಾಪಸು ಬಂದು ಲೈಟಿನ ಕೆಳಗೆ ನಿಂತ.

"ಇದು ಅಂಗಡೀದು, ತೊಳುದ್ರೆ ಹೋಯ್ತದೆ. ಅವಳ್ದು ಅಂಟೋದಾಗಿದ್ರೆ ಮೊದ್ಲು ನನ್ಗೆ ಅಂಟ್ಬೇಕಿತ್ತು. ಒಂದೇ ತಟ್ಟೇಲಿ ಉಂಡಿದೀನಿ, ಒಂದೇ ಕಂಬ್ಳಿ ಹೊದ್ದಿದೀನಿ. ನನ್ ಮುಖ ನೋಡ್ಕಳ್ರಪ್ಪ, ಹತ್ರ ಬಂದು ನೋಡ್ಕಳ್ರಿ."

ಯಾರೂ ಹತ್ತಿರ ಬರಲಿಲ್ಲ, ಯಾರೂ ದೂರವೂ ಹೋಗಲಿಲ್ಲ. ಕೊನೆಗೆ ಹಾಲು ಅಳೆಯುವವನು, ಹುಯ್ಯಣ್ಣ, ಕ್ಯೂ ನಿಂತಿದೆ ಅಂದ. ಅವತ್ತು ಡಿಗ್ರಿ ಬಹಳ ಕಡಿಮೆ ಬಂತು. ಮಾವ ಯಂತ್ರಕ್ಕೆ ಒಂದು ಮಾತೂ ಅನ್ನಲಿಲ್ಲ.

ನಾನು ಮನೆಗೆ ಬಂದವಳೇ ಆ ಜನರನ್ನೆಲ್ಲ ಬೈಯುತ್ತಾ ನಡೆದದ್ದನ್ನು ಅತ್ತೆಗೆ ಹೇಳಿಬಿಟ್ಟೆ. ಹೇಳಬಾರದಿತ್ತೋ ಏನೋ, ನಾಲಿಗೆ ತಡೆಯಲಿಲ್ಲ. ಅತ್ತೆ ಒಲೆಗೆ ಇನ್ನೊಂದು ಸೌದೆ ಒಡ್ಡಿದಳು. ಬೆಳಿಗ್ಗೆ ಎದ್ದು, ಮಾವ ಬಚ್ಚಿಟ್ಟಿದ್ದ ಆ ಟ್ಯೂಬು ಕಡ್ಡಿಗಳ ಚೀಲವನ್ನು ತಾನೇ ತಂದು ಅಂಗಳದ ಬೆಳಕಿನಲ್ಲಿ ಮಣೆಯ ಮೇಲೆ ಕೂತಳು.

"ಬನ್ನಿ, ಮುಖಕ್ಕೇ ಹಚ್ಚಿ ನೋಡಿ. ಕೈಗೂ ಬ್ಯಾಡ, ನಿಮ್ ಮೂತಿಗೂ ಬ್ಯಾಡ" ಅಂದಳು.

ಕೆಲಸ ನಿಜವಾಗಿ ಶುರುವಾದದ್ದು ಆಗ. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಬಿಟ್ಟೆವು, ಉರಿ ಕಡಿತ ಏನಾದರೂ ಬರುತ್ತದೋ ಅಂತ. ಬರಲಿಲ್ಲ. ಆಮೇಲೆ ಮಚ್ಚೆಯ ಪಕ್ಕದಲ್ಲೇ, ದವಡೆಯ ಅಂಚಿನಲ್ಲಿ, ಒಂದೊಂದನ್ನೂ ಹಚ್ಚಿ ನೋಡಿದೆವು. ಹಚ್ಚಿದ ಕೂಡಲೇ ಸರಿಯಾಗಿ ಕಂಡದ್ದು ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತಿತ್ತು. ಹಾಗಾಗಿ ಹಚ್ಚುವುದು, ಹಸು ಕರೆಯುವುದು, ಬಂದು ಮತ್ತೆ ನೋಡುವುದು. ಯಾವ ಒಂದು ಬಣ್ಣವೂ ಹೊಂದಲಿಲ್ಲ. ದಾಬಸ್‌ಪೇಟೆಯಲ್ಲಿ ಕೊಂಡ ಅಗ್ಗದ ಕಡ್ಡಿಗೆ ದೊಡ್ಡಬಳ್ಳಾಪುರದ ಆ ಸಗಣಿ ಬಣ್ಣದ ಕಡ್ಡಿಯನ್ನು ಸ್ವಲ್ಪ ಬೆರೆಸಿದರೆ, ಅದು ಅತ್ತೆ! ಲೋಟದ ತಳದ ಮೇಲೆ ಎರಡನ್ನೂ ಬೆರಳಿನಿಂದ ಕಲಸಿ ಮಾವ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೇನೋ ಅಂತ ದೊಣ್ಣೆ ತಂದರು. ಎರಡರ ಬೆಲೆಯೂ ಸೇರಿ ನನ್ನ ಕೈಚೀಲದ ಒಂದೇ ಟ್ಯೂಬಿಗಿಂತ ಕಡಿಮೆ ಅನ್ನುವುದನ್ನು ಅವನು ನನಗೆ ಬೇಕಾದಷ್ಟು ಸಲ ನೆನಪಿಸಿದ.

ಹಚ್ಚುವ ಕ್ರಮವೂ ಕೈ ಕಲಿಯುತ್ತಾ ಕಲಿಯುತ್ತಾ ಬಂತು. ಒಣ ಚರ್ಮಕ್ಕೆ ಹಚ್ಚಿದರೆ ಬಿರುಕು ಬಿಡುತ್ತದೆ, ಮೊದಲು ಸ್ವಲ್ಪ ಕ್ರೀಮು. ದಪ್ಪಗೆ ಬಳಿದರೆ ತೇಪೆ, ತೆಳ್ಳಗೆ ಹಚ್ಚಿ ಆರಲು ಬಿಟ್ಟು ಮತ್ತೆ ತೆಳ್ಳಗೆ. ಉಜ್ಜಬಾರದು, ಬೆರಳ ತುದಿಯಿಂದ ತಟ್ಟಬೇಕು. ಕೊನೆಗೆ ಪೌಡರು ಒತ್ತಿದರೆ ಬೆವರಿಗೂ ಅಳುವಿಗೂ ನಿಲ್ಲುತ್ತದೆ. ಮದುವೆಯ ದಿನ ಹಚ್ಚುವುದು ನನ್ನ ಕೆಲಸ ಅಂತ ನಾನು ಅಂದುಕೊಂಡಿದ್ದೆ. ನೀನು ಉಜ್ಜುತ್ತೀಯ ಅಂತ ಮಾವ ನನ್ನನ್ನು ವಜಾ ಮಾಡಿದ!

ಮದುವೆಯ ಬೆಳಿಗ್ಗೆ ಮಂಟಪದ ಕೋಣೆಯಲ್ಲಿ ಮದುಮಗಳಿಗೆ ಅಲಂಕಾರ ಮಾಡಲು ಬೆಂಗಳೂರಿನಿಂದ ಬ್ಯೂಟಿಷಿಯನ್ ಬಂದಿದ್ದಳು. ಅವಳು ಅತ್ತೆಯನ್ನು ನೋಡಿ, ಆಂಟಿಗೂ ಒಂದು ಕೋಟ್ ಹಾಕಿಬಿಡುತ್ತೇನೆ, ಪೂರ್ತಿ ಬೆಳ್ಳಗೆ ಕಾಣುತ್ತಾರೆ ಅಂದಳು. ಮಾವ ಅವಳ ಮುಂದೆಯೇ ಪಕ್ಕದ ಕೋಣೆಗೆ ಅತ್ತೆಯನ್ನು ಕರೆದೊಯ್ದು ಬಾಗಿಲು ಹಾಕಿದ. ಒಳಗೆ ನಾನು ಲೋಟ ಹಿಡಿದು ನಿಂತಿದ್ದೆ. ಟೊಮೆಟೊ ಗಿಡ ಕಟ್ಟಿ ಕಟ್ಟಿ ಒರಟಾದ ಆ ಬೆರಳು ಅತ್ತೆಯ ಕೆನ್ನೆಯ ಮೇಲೆ ತಟ್ಟುತ್ತಾ ಹೋಯಿತು. ಬಿಳಿ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಂಡಿತು. ಕೊನೆಗೆ ಗುರುತೇ ಉಳಿಯಲಿಲ್ಲ. ಅತ್ತೆ ಕನ್ನಡಿ ನೋಡಿದಳು, ಆ ಕಡೆ ತಿರುಗಿಸಿ ನೋಡಿದಳು, ಈ ಕಡೆ ತಿರುಗಿಸಿ ನೋಡಿದಳು, ನಕ್ಕಳು.

ಮಾವ ನಗಲಿಲ್ಲ. ಕೈ ಒರೆಸಿಕೊಳ್ಳುತ್ತಾ ಕಿಟಕಿಯ ಕಡೆ ಹೋಗಿ ನಿಂತ. ನನಗೆ ರೇಗಿಹೋಯಿತು. ಇಷ್ಟು ತಿಂಗಳು ನಮ್ಮನ್ನೆಲ್ಲ ಕುಣಿಸಿ, ಈಗ ಕೊನೇ ಗಳಿಗೆ ಅದರಲ್ಲಿ ಏನು ತಪ್ಪು ಹುಡುಕುತ್ತಿದ್ದೀಯ ಅಂತ ಕೇಳಿದೆ.

"ತಪ್ಪೇನಿಲ್ಲ ಕಣಮ್ಮ. ಇವಳು ನಕ್ರೆ ಆ ಬಿಳೀದು ತುಟಿ ಪಕ್ಕ ಹಿಂಗೆ ಮಡ್ಚ್ಕಳ್ಳೋದು. ಈಗ ನಕ್ಕಿದ್ದು ನಂಗೆ ಗೊತ್ತೇ ಆಗ್ಲಿಲ್ಲ" ಅಂದ ಮಾವ.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು.

"ಇದು ಜನಕ್ಕೆ. ಸಾಯಂಕಾಲ ತೊಳ್ಕಂಡು ಬತ್ತೀನಿ, ಇರಿ" ಅಂದಳು.

ಧಾರೆ ಆಯಿತು. ದೊಡ್ಡತ್ತೆ ಎರಡು ದಾರದ ರವಿಕೆ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಹೆತ್ತ ತಾಯಿ ಮಗಳ ಕೈಮೇಲೆ ಹಾಲು ಹುಯ್ದಳು. ಪರದೆಯ ಮೇಲೆ ಅವಳ ಮುಖ ಆಳೆತ್ತರ ಬಂತು. ಮಚ್ಚೆ ನೋಡಲೆಂದೇ ಕತ್ತು ಉದ್ದ ಮಾಡಿದವರು ಸುಮಾರು ಜನ ಇದ್ದರು. ಕತ್ತು ನೋಯಿಸಿಕೊಂಡದ್ದೇ ಬಂತು! ಅತ್ತೆ ಅತ್ತಳು, ಬೆವರಿದಳು, ಬಣ್ಣ ಕದಲಲಿಲ್ಲ. ನಾನೂ ಅತ್ತುಬಿಟ್ಟೆ. ನನ್ನ ಕಣ್ಣಿನ ಕೆಳಗಿನದು ಮಾತ್ರ ಕೆನ್ನೆಗೆ ಹರಿಯಿತು.

ಎಲ್ಲರ ಊಟವಾದ ಮೇಲೆ ಕೊನೆಯ ಪಂಕ್ತಿಗೆ ಮನೆಯವರು ಕೂರಬೇಕು. ಎಲೆ ಹಾಕಿದ್ದರು, ಮಾವ ಕೂತಿದ್ದ, ಅತ್ತೆ ಇಲ್ಲ. ಹುಡುಕಿಕೊಂಡು ಹೋದರೆ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು, ಸೋಪು ಹಾಕಿ, ನೊರೆನೊರೆಯಾಗಿ ಮುಖ ತೊಳೆಯುತ್ತಿದ್ದಾಳೆ! ನನಗೆ ಎಂಥ ಸಿಟ್ಟು ಬಂತು! ಇನ್ನೂ ಬೀಗರ ಜೊತೆ ಫೋಟೋ ಬಾಕಿ ಇದೆ, ಹೆಣ್ಣು ಕಳಿಸುವುದು ಬಾಕಿ ಇದೆ, ಸಾಯಂಕಾಲ ಅಂತ ನೀನೇ ಅಂದಿದ್ದೆಯಲ್ಲ ಅಂತ ಕೇಳಿದೆ. ಸೆಕೆ ಕಣೆ, ಧಾರೆ ಆಯಿತಲ್ಲ ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಆ ಸೆರಗನ್ನು ಎಡಕ್ಕೆ ಎಳೆದುಕೊಳ್ಳದೆ ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನಡೆದು ಹೋಗಿ ಮಾವನ ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ವಿಡಿಯೋದವನು ದೀಪ ಹಿಡಿಸಿಕೊಂಡು ಉಣ್ಣುವವರ ಬಾಯಿಗಳನ್ನು ಚಿತ್ರೀಕರಿಸುತ್ತಾ ಸಾಲಿನ ಉದ್ದಕ್ಕೂ ಬಂದ. ಅಡ್ಡ ನಿಲ್ಲಲು ನಾನು ಎದ್ದೆ. ಬಿಡೆ, ಹಿಡಿದುಕೊಳ್ಳಲಿ ಅಂತ ಅತ್ತೆ ನನ್ನ ಕೈ ಹಿಡಿದು ಕೂರಿಸಿದಳು. ಒಬ್ಬಟ್ಟಿನ ತುಪ್ಪದ ಬಗ್ಗೆ ಮಾವ ಬಡಿಸುವವನ ಹತ್ತಿರ ಏನೋ ಜಗಳ ತೆಗೆದಿದ್ದ. ಅದನ್ನು ಕೇಳಿ ಅತ್ತೆ ನಕ್ಕಳು. ತುಟಿಯ ಪಕ್ಕದಲ್ಲಿ ಆ ಬಿಳಿ ಮೆಲ್ಲಗೆ ಮಡಚಿಕೊಂಡಿತು. ಮಾವ ಜಗಳವನ್ನು ಅರ್ಧಕ್ಕೇ ಬಿಟ್ಟು ಅವಳನ್ನೇ ನೋಡುತ್ತಾ ಕೂತ. ಅವನ ಎಲೆಯಿಂದ ಸಾರು ಹರಿದು ಹೊಸ ಪಂಚೆಯ ಮೇಲೆ ಇಳಿಯುತ್ತಿತ್ತು. ನಾನು ಅದನ್ನು ನೋಡಿ, ನನ್ನ ಒಬ್ಬಟ್ಟಿಗೆ ಕೈ ಹಾಕಿದೆ.